ಕೇಳಿ ಸಿಸ್ಟರ್: ಎಬೋಲಾ ಡಲ್ಲಾಸ್‌ಗೆ ಹೋದರೆ ವಿದ್ಯಾನಗರಕ್ಕೆ ಯಾಕೆ ನಿದ್ದೆ ಬರಲ್ಲ?

ಈ ಸಲದ ಪತ್ರಗಳಲ್ಲಿ ಮಂಡಿನೋವು ಒಂದೇ ಒಂದು. ಉಳಿದದ್ದೆಲ್ಲ ಎಬೋಲಾ. ಎಬೋಲಾ ಅಂದರೆ ಜೀವ ತೆಗೆಯುವ ಒಂದು ವೈರಸ್ ಜ್ವರ. ಆಫ್ರಿಕಾದ ಕಾಂಗೋದಲ್ಲಿ ಅದು ಮತ್ತೆ ಬಂದಿದೆ ಎಂದು ಟಿ.ವಿ.ಯವರು ಒಂದು ಸಂಜೆ ಢಣಢಣ ಸಂಗೀತ ಹಾಕಿ ತೋರಿಸಿದರು. ಕೆಳಗೆ ಕೆಂಪು ಅಕ್ಷರದಲ್ಲಿ "ಅಮೆರಿಕಕ್ಕೂ ಕಾಲಿಡುತ್ತಾ?" ಎಂದು ಬೇರೆ. ಮರುದಿನ ಗಡಿಯಾರ ಕಂಬದ ಹತ್ತಿರ ಸೊಪ್ಪು ತರಲು ಹೋದರೆ ಸೊಪ್ಪಿನವಳೂ ಅದನ್ನೇ ಕೇಳಿದಳು. ಮಂಡಿನೋವಿನ ಜಗಳೂರಿನ ಅಕ್ಕ ಒಂದು ತಿಂಗಳು ತಡೆದುಕೊಳ್ಳಬೇಕು, ಕ್ಷಮಿಸಿ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರಲ್ಲ. 34 ವರ್ಷ ನರ್ಸ್ ಆಗಿದ್ದವಳು. ಮಾತ್ರೆ ಬರೆದುಕೊಡಿ ಎಂದು ಕೇಳಬೇಡಿ. ಕಂಡದ್ದು, ಓದಿ ತಿಳಿದದ್ದು ಹೇಳುತ್ತೇನೆ.

ಪ್ರಶ್ನೆ: ಸಿಸ್ಟರ್, ನನ್ನ ಮಗ, ಸೊಸೆ ಅಮೆರಿಕದ ಡಲ್ಲಾಸ್‌ನಲ್ಲಿದ್ದಾರೆ. ಮೊಮ್ಮಗಳಿಗೆ ಈಗ ನಾಲ್ಕು ತುಂಬಿತು. ಹಿಂದೆ ಅದೇ ಊರಿಗೆ ಎಬೋಲಾ ಬಂದಿತ್ತಂತೆ, ವಿಮಾನದಲ್ಲಿ ಒಬ್ಬ ಬಂದರೆ ಸಾಕಂತೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ಮಗನಿಗೆ ಹೇಳಿದರೆ ನಗುತ್ತಾನೆ. ವಾಪಸ್ ಕರೆಸಿಕೊಳ್ಳಲಾ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕಾ, ಮೊದಲು ಊಟ ಮಾಡಿ. ಆಮೇಲೆ ಇದನ್ನು ಓದಿ.

ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. 2014ರ ಸೆಪ್ಟೆಂಬರ್ 20ರಂದು, ಆಗ ಎಬೋಲಾ ಹಬ್ಬಿದ್ದ ಪಶ್ಚಿಮ ಆಫ್ರಿಕಾದ ಲೈಬೀರಿಯಾದಿಂದ ಒಬ್ಬ ಮನುಷ್ಯ ಡಲ್ಲಾಸ್‌ಗೆ ಬಂದಿಳಿದ. ಬ್ರಸೆಲ್ಸ್‌ನಲ್ಲಿ ಒಮ್ಮೆ, ವಾಷಿಂಗ್ಟನ್‌ನಲ್ಲಿ ಒಮ್ಮೆ ವಿಮಾನ ಬದಲಿಸಿದ್ದ. ಆಗ ಜ್ವರ ಇರಲಿಲ್ಲ. ನಾಲ್ಕೈದು ದಿನಕ್ಕೆ ಜ್ವರ ಬಂತು. 25ರ ರಾತ್ರಿ ಆಸ್ಪತ್ರೆಗೆ ಹೋದ. ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದರು. 28ಕ್ಕೆ ಆಂಬುಲೆನ್ಸ್‌ನಲ್ಲಿ ವಾಪಸ್ ಬಂದ. 30ಕ್ಕೆ ಎಬೋಲಾ ಎಂದು ಖಾತ್ರಿಯಾಯಿತು. ಅಕ್ಟೋಬರ್ 8ಕ್ಕೆ ತೀರಿಕೊಂಡ.

ಟಿ.ವಿ.ಯವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಕೇಳಿ. ಅವನು ಹುಷಾರಿಲ್ಲದೆ ಮಲಗಿದ್ದಾಗ ಅದೇ ಮನೆಯಲ್ಲಿ ಅವನ ಜೊತೆಗಿದ್ದವರಿಗೆ ರೋಗ ತಗುಲಲಿಲ್ಲ. ಆಸ್ಪತ್ರೆ ಸೇರುವ ಮುಂಚೆ ಅವನ ಹತ್ತಿರ ಬಂದಿದ್ದವರೆಂದು ಗುರುತಿಸಿದ 48 ಜನರನ್ನು 21 ದಿನ ಕಾದು ನೋಡಿದರು. ಒಬ್ಬರಿಗೂ ಬರಲಿಲ್ಲ. ವಿಮಾನದಲ್ಲಿ ಪಕ್ಕ ಕೂತವರಿಗೂ ಬರಲಿಲ್ಲ. ಬಂದದ್ದು ಅವನನ್ನು ನೋಡಿಕೊಂಡ ಇಬ್ಬರು ನರ್ಸ್‌ಗಳಿಗೆ. ಇಬ್ಬರೂ ವಾಸಿಯಾದರು.

ಯಾಕೆ ಹೀಗೆ ಅಂದರೆ, ಎಬೋಲಾ ದಡಾರದ ಹಾಗೆ ಗಾಳಿಯಲ್ಲಿ ತೇಲಿಕೊಂಡು ಬರುವ ರೋಗವಲ್ಲ. ರಕ್ತ, ವಾಂತಿ, ಭೇದಿ, ಬೆವರು ಇವುಗಳನ್ನು ಮುಟ್ಟಿದ ಕೈ ಕಣ್ಣಿಗೋ ಬಾಯಿಗೋ ಗಾಯಕ್ಕೋ ಹೋಗಬೇಕು. ಲಕ್ಷಣ ಶುರುವಾಗುವ ಮುಂಚೆ ಅಂಟುವುದಿಲ್ಲ. ರೋಗ ಹೆಚ್ಚಾದಷ್ಟೂ ಮೈಯಲ್ಲಿ ವೈರಸ್ ಹೆಚ್ಚು. ಹಾಗಾಗಿ ಕೊನೆಯ ದಿನಗಳಲ್ಲಿ ಒರೆಸಿ, ತೊಳೆದು, ಬಟ್ಟೆ ಬದಲಿಸುವವರಿಗೆ ಅಪಾಯ ಜಾಸ್ತಿ. ಅಂದರೆ ನರ್ಸ್‌ಗಳಿಗೆ, ತಾಯಂದಿರಿಗೆ, ಹೆಣ ತೊಳೆಯುವವರಿಗೆ. ಲೆಕ್ಕ ಹೇಳುವುದಾದರೆ ಒಬ್ಬ ಎಬೋಲಾ ರೋಗಿಯಿಂದ ಸರಾಸರಿ ಇಬ್ಬರಿಗೆ ಬರಬಹುದು. ಲಸಿಕೆ ಇಲ್ಲದ ಊರಲ್ಲಿ ಒಂದು ದಡಾರದ ಮಗುವಿನಿಂದ 12ರಿಂದ 18 ಜನಕ್ಕೆ.

ಪಶ್ಚಿಮ ಆಫ್ರಿಕಾದಲ್ಲಿ ಆ ಸಲದ ಹಾವಳಿ ಮುಗಿಯುವ ಹೊತ್ತಿಗೆ ಅಲ್ಲಿ 28,000ಕ್ಕೂ ಹೆಚ್ಚು ಜನಕ್ಕೆ ರೋಗ, 11,000ಕ್ಕೂ ಹೆಚ್ಚು ಸಾವು. ಅಮೆರಿಕದಲ್ಲಿ ಚಿಕಿತ್ಸೆ ಪಡೆದವರು ಒಟ್ಟು 11 ಜನ, ತೀರಿಕೊಂಡವರು ಇಬ್ಬರು. ಆದರೂ ಗಾಬರಿ ನೋಡಬೇಕಿತ್ತು. ಡಲ್ಲಾಸ್‌ಗೆ ಒಂದು ಸಮ್ಮೇಳನಕ್ಕೆ ಹೋಗಿ ಬಂದರು ಎಂದು ಮೈನ್ ರಾಜ್ಯದ ಒಬ್ಬ ಟೀಚರಿಗೆ 21 ದಿನ ರಜೆ ಕೊಟ್ಟು ಮನೆಯಲ್ಲಿ ಕೂರಿಸಿದರು. ಮಿಸಿಸಿಪ್ಪಿಯಲ್ಲಿ ಒಂದು ಶಾಲೆಯ ಪ್ರಿನ್ಸಿಪಾಲರು ಜಾಂಬಿಯಾಕ್ಕೆ ಹೋಗಿ ಬಂದಿದ್ದಕ್ಕೆ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಹೋದರು. ಜಾಂಬಿಯಾಕ್ಕೂ ಲೈಬೀರಿಯಾಕ್ಕೂ ನಡುವೆ ಸಾವಿರಾರು ಮೈಲಿ. ಕಾಶ್ಮೀರದಲ್ಲಿ ಹಿಮ ಬಿತ್ತೆಂದು ಹರಿಹರದವರು ಸ್ವೆಟರ್ ಹಾಕಿಕೊಂಡ ಹಾಗಾಯಿತು.

ಅವರನ್ನು ಆಡಿಕೊಳ್ಳುವಷ್ಟು ನಾವೇನೂ ದೊಡ್ಡವರಲ್ಲ ಬಿಡಿ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂದಾಗ ನಮ್ಮ ಓಣಿಯವರು ಟೆಟ್ರಾಸೈಕ್ಲಿನ್ ಡಬ್ಬಿ ಡಬ್ಬಿ ತಂದು ಬೇಳೆ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದರು. ನಮ್ಮತ್ತೆಯೂ ತರಿಸಿದ್ದರು. ಅವರ ಕಾಲಕ್ಕೆ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಇಡೀ ಊರು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತಂತೆ. ಆ ಹೆದರಿಕೆ ಸುಮ್ನೆ ಹೋಗುತ್ತಾ?

ಈಗ ನಿಮ್ಮ ಪ್ರಶ್ನೆ. ವಾಪಸ್ ಕರೆಸಬೇಡಿ. ಆದರೆ ಇವತ್ತೇ ಫೋನ್ ಮಾಡಿ, ಎಬೋಲಾ ಸುದ್ದಿ ಎತ್ತದೆ, "ಪಾಪುಗೆ ದಡಾರದ ಎರಡನೇ ಡೋಸ್ ಆಯ್ತಾ?" ಎಂದು ಕೇಳಿ. ಅಮೆರಿಕದಲ್ಲಿ ಅದನ್ನು ನಾಲ್ಕರಿಂದ ಆರು ವರ್ಷದೊಳಗೆ ಹಾಕುತ್ತಾರೆ. ಡಲ್ಲಾಸ್ ಇರುವ ಅದೇ ಟೆಕ್ಸಾಸ್ ರಾಜ್ಯದಲ್ಲಿ 2025ರಲ್ಲಿ 760ಕ್ಕೂ ಹೆಚ್ಚು ಜನಕ್ಕೆ ದಡಾರ ಬಂತು. ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು. ಈ ಪ್ರಶ್ನೆಗೆ ನಿಮ್ಮ ಮಗ ನಗುವುದಿಲ್ಲ, ನೋಡಿ ಬೇಕಾದರೆ.

ಪ್ರಶ್ನೆ: ಅಷ್ಟು ದುಡ್ಡು, ಅಷ್ಟು ಮೆಷಿನ್ ಇರೋ ಅಮೆರಿಕದವರೇ ರೋಗಿಯನ್ನ ಮನೆಗೆ ಕಳಿಸಿದ್ರು ಅಂದ್ರೆ, ನಮ್ಮಂಥ ಊರಿಗೆ ಬಂದ್ರೆ ದೇವರೇ ಗತಿ ಅಲ್ವಾ ಮೇಡಂ?
– ಐ.ಟಿ.ಐ. ವಿದ್ಯಾರ್ಥಿ, ಹರಿಹರ

ಉತ್ತರ: ತಮ್ಮಾ, ಅವನನ್ನು ಯಾಕೆ ಮನೆಗೆ ಕಳಿಸಿದರು ಎಂದು ನೋಡಿದೆಯಾ? ಮೆಷಿನ್ ಕೆಟ್ಟಿರಲಿಲ್ಲ. ಆಫ್ರಿಕಾದಿಂದ ಬಂದಿದ್ದೇನೆ ಎಂದು ಅವನು ಹೇಳಿದ್ದ. ನರ್ಸ್ ಅದನ್ನು ಕಂಪ್ಯೂಟರಿನಲ್ಲಿ ಬರೆದೂ ಇದ್ದರು. ಆದರೆ ಅವನನ್ನು ಮನೆಗೆ ಕಳಿಸುವ ತೀರ್ಮಾನದಲ್ಲಿ ಆ ಒಂದು ಸಾಲು ಲೆಕ್ಕಕ್ಕೇ ಬರಲಿಲ್ಲ.

ಇದನ್ನು ಮೊದಲು ಓದಿದಾಗ ನನ್ನ ಹೊಟ್ಟೆ ತೊಳಸಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದೆ. ಹೆಸರು ಬೇಡ. ಒಬ್ಬ ಲಾರಿ ಡ್ರೈವರ್ ಜ್ವರ ಎಂದು ಬಂದ. ಟೈಫಾಯ್ಡ್ ಎಂದು ಮಲಗಿಸಿದರು. ನೈಟ್ ಡ್ಯೂಟಿಯಲ್ಲಿ ಒದ್ದೆ ಬಟ್ಟೆ ಹಾಕುತ್ತಾ ಮಾತಿಗೆ ಕೇಳಿದೆ, "ಯಾವ ಕಡೆ ಲೋಡ್ ಹೊಡೆದಿದ್ರಿ?" "ಒರಿಸ್ಸಾ ಕಡೆ ಸಿಸ್ಟರ್. ಕಾಡಿನ ರೋಡಲ್ಲಿ ಗಾಡಿ ಕೆಟ್ಟು ಮೂರು ರಾತ್ರಿ ಅಲ್ಲೇ ಇದ್ವಿ" ಅಂದ. ಕೇಸ್ ಶೀಟಿನಲ್ಲಿ ಬರೆದೆ. ಬೆಳಿಗ್ಗೆ ಡಾಕ್ಟರು ಬಂದರು, ಟೆಂಪರೇಚರ್ ಚಾರ್ಟ್ ನೋಡಿದರು, ಹೋದರು. ಮರುದಿನವೂ ಅದೇ. ನಾಲ್ಕನೇ ದಿನ ಅವನ ಮಾತು ತೊದಲಿತು, ಹೆಂಡತಿಯ ಗುರುತು ಹತ್ತಲಿಲ್ಲ. ಆಗ ರಕ್ತದ ಸ್ಲೈಡ್ ನೋಡಿದರು. ಮಲೇರಿಯಾ ಮಿದುಳಿಗೆ ಏರಿತ್ತು. ಕ್ವಿನೈನ್ ಡ್ರಿಪ್ ಹಾಕಿದರು, ಬದುಕಿದ. ನಾನು ಆ ಹಾಳೆಯನ್ನು ಡಾಕ್ಟರ ಮುಖದ ಮುಂದೆ ಹಿಡಿದು "ಸಾರ್, ಇದನ್ನು ಓದಿ" ಅನ್ನಬೇಕಿತ್ತು. ಅನ್ನಲಿಲ್ಲ. ಹೊಸಬಳು, ಹೆದರಿದ್ದೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಡಾಕ್ಟರ ಕೈಲಿ "ಈ ಸಿಸ್ಟರ್‌ಗೆ ಬಾಯಿ ಜಾಸ್ತಿ" ಅನ್ನಿಸಿಕೊಂಡೆ. ಅದಕ್ಕೆ ಕಾರಣ ಆ ಡ್ರೈವರ್.

ಈಗ ಇನ್ನೊಂದು ಊರಿನ ಕಥೆ. ಅದೇ 2014ರ ಜುಲೈ 20ರಂದು ಲೈಬೀರಿಯಾದಿಂದ ಇನ್ನೊಬ್ಬ ರೋಗಿ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದ. ವಿಮಾನದಲ್ಲೇ ಕಾಯಿಲೆ ಬಿದ್ದಿದ್ದ. ಲಾಗೋಸ್ ಅಂದರೆ ಕೋಟಿಗಟ್ಟಲೆ ಜನ, ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಲ್ಲೂ ಮೊದಲು ಮಲೇರಿಯಾ ಎಂದೇ ಚಿಕಿತ್ಸೆ ಶುರುವಾಯಿತು. ಆದರೆ ಡಾ. ಅಮೆಯೊ ಸ್ಟೆಲ್ಲಾ ಅಡಡೆವೊ ಎಂಬ ವೈದ್ಯೆಗೆ ಅನುಮಾನ ಬಂತು. ಎಬೋಲಾದವರ ಹತ್ತಿರ ಹೋಗಿಲ್ಲ ಎಂದು ರೋಗಿ ಹೇಳಿದರೂ ಆಕೆ ನಂಬಲಿಲ್ಲ. ಅವನನ್ನು ಹೊರಗೆ ಬಿಡಿ ಎಂದು ದೊಡ್ಡವರಿಂದ ಒತ್ತಡ ಬಂತು. ಆಕೆ ಬಿಡಲಿಲ್ಲ. ಆಮೇಲೆ ಪೋಲಿಯೋ ಕೆಲಸಕ್ಕೆ ತಯಾರಾಗಿದ್ದ ಸಿಬ್ಬಂದಿಯೇ ಇದಕ್ಕೂ ಇಳಿದು, ಮನೆ ಮನೆಗೆ ಹೋಗಿ, ಸಂಪರ್ಕದಲ್ಲಿದ್ದ ಸುಮಾರು 900 ಜನರನ್ನು ದಿನಾ ನೋಡಿತು. ಒಟ್ಟು 20 ಜನಕ್ಕೆ ಬಂತು, 8 ಜನ ಸತ್ತರು. ಅಕ್ಟೋಬರ್ 20ಕ್ಕೆ ನೈಜೀರಿಯಾದಲ್ಲಿ ಎಬೋಲಾ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸತ್ತ ಆ ಎಂಟು ಜನರಲ್ಲಿ ಡಾ. ಅಡಡೆವೊ ಒಬ್ಬರು.

ನಮ್ಮಲ್ಲಿ ಪೋಲಿಯೋ ಭಾನುವಾರ ಬೂತ್ ಹಾಕಿ, ಸೋಮವಾರ ಮನೆ ಮನೆಗೆ ಬಂದು ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಹೋಗುವ ಆಶಾ ಕಾರ್ಯಕರ್ತೆಯರನ್ನು ನೋಡಿದ್ದೀಯಲ್ಲ, ಕೇಳಿದ್ದಕ್ಕೆ ಉತ್ತರ ಕೊಡದೆ ಬಾಗಿಲು ಹಾಕಿಕೊಳ್ಳುತ್ತೀರಲ್ಲ ಕೆಲವರು. ಅಂಥ ರೋಗ ಬಂದರೆ ಹರಿಹರವನ್ನು ಉಳಿಸುವವರು ಅವರೇ. ದೇವರು ಆಮೇಲೆ.

ಇನ್ನು ನಮ್ಮ ದೇಶ ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. 2014ರ ನವೆಂಬರ್‌ನಲ್ಲಿ ಲೈಬೀರಿಯಾದಲ್ಲಿ ಎಬೋಲಾ ಬಂದು ವಾಸಿಯಾಗಿದ್ದ ನಮ್ಮವನೇ ಒಬ್ಬ ಯುವಕ ದೆಹಲಿಗೆ ಬಂದಿಳಿದ. ಗುಣವಾಗಿದ್ದಾನೆ ಎಂಬ ಸರ್ಟಿಫಿಕೇಟ್ ಕೈಯಲ್ಲಿತ್ತು. ಆದರೂ ವೀರ್ಯದಲ್ಲಿ ವೈರಸ್ಸಿನ ಗುರುತು ಸಿಕ್ಕಿತು ಎಂದು ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕ ಇಟ್ಟರು. ಈ ವೈರಸ್ ರಕ್ತದಿಂದ ಹೋದ ಮೇಲೂ ಅಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು.

ಪ್ರಶ್ನೆ: ಬೆಳ್ಳುಳ್ಳಿ ರಸಕ್ಕೆ ಉಪ್ಪು ಹಾಕಿ ಕುಡಿದರೆ ಎಬೋಲಾ ಬರಲ್ಲ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
– ಕೆ.ಟಿ.ಜೆ. ನಗರ

ಉತ್ತರ: ಇಲ್ಲ. ನೈಜೀರಿಯಾದಲ್ಲಿ ಉಪ್ಪುನೀರು ಕುಡಿದರೆ ಬರಲ್ಲ ಎಂದು ಇಂಥದ್ದೇ ಮೆಸೇಜ್ ಹಬ್ಬಿತ್ತು. ಅದನ್ನು ಕುಡಿದು ಇಬ್ಬರು ಸತ್ತರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಬೆಳ್ಳುಳ್ಳಿಯನ್ನು ಚಟ್ನಿಪುಡಿಗೆ ಹಾಕಿ.

ಪ್ರಶ್ನೆ: ಸಿಸ್ಟರ್, ನಾನು ಬಿ.ಎಸ್ಸಿ. ನರ್ಸಿಂಗ್ ಕೊನೇ ವರ್ಷ. ಜರ್ಮನಿಗೆ ಹೋಗಬೇಕೆಂದು ಜರ್ಮನ್ ಭಾಷೆ ಕಲಿಯುತ್ತಿದ್ದೇನೆ. ಎಬೋಲಾ ಸುದ್ದಿ ನೋಡಿದ ಮೇಲೆ ಅಮ್ಮ "ದೂರದ ದೇಶದ ರೋಗ ಎಲ್ಲ ಅಲ್ಲಿಗೇ ಬರೋದು, ಹೋಗೋದು ಬೇಡ" ಎಂದು ಹಟ ಹಿಡಿದಿದ್ದಾರೆ. ನೀವು ಬರೆದರೆ ಕೇಳುತ್ತಾರೆ.
– ದಾವಣಗೆರೆ

ಉತ್ತರ: ತಂಗಿ, ನಿನ್ನ ಅಮ್ಮನಿಗೆ ಈ ಮೊದಲ ಪ್ಯಾರಾ ಓದಿ ಹೇಳಬೇಡ. ಎಬೋಲಾದ ಅಣ್ಣನಂಥ ಒಂದು ವೈರಸ್ ಇದೆ, ಮಾರ್ಬರ್ಗ್ ಎಂದು ಹೆಸರು. ಅದು ಜರ್ಮನಿಯ ಒಂದು ಊರು! 1967ರಲ್ಲಿ ಉಗಾಂಡಾದಿಂದ ತರಿಸಿದ ಕೋತಿಗಳನ್ನು ಲಸಿಕೆ ತಯಾರಿಸುವ ಲ್ಯಾಬ್‌ಗಳಲ್ಲಿ ಬಳಸುತ್ತಿದ್ದರು. ಅವುಗಳಿಂದ ಮಾರ್ಬರ್ಗ್, ಫ್ರಾಂಕ್‌ಫರ್ಟ್, ಬೆಲ್‌ಗ್ರೇಡ್ ಮೂರೂ ಕಡೆ ರೋಗ ಹತ್ತಿತು. 31 ಜನಕ್ಕೆ ಬಂತು, 7 ಜನ ಸತ್ತರು. ಕೋತಿ ಕುಯ್ದ ಲ್ಯಾಬಿನವರು, ಅವರನ್ನು ನೋಡಿಕೊಂಡ ಆಸ್ಪತ್ರೆಯವರು. ಮುಂದುವರಿದ ದೇಶಕ್ಕೆ ಇಂಥ ರೋಗ ಬಂದುಬಿಟ್ಟರೆ ಎಂದು ಈಗ ಹೌಹಾರುತ್ತಾರೆ. ಈ ಜಾತಿಯ ವೈರಸ್ಸನ್ನು ವಿಜ್ಞಾನಿಗಳು ಮೊದಲು ಕಂಡದ್ದೇ ಅಲ್ಲಿ.

ಎಬೋಲಾ ಯುರೋಪಿಗೆ ಹೋದ ಬಗೆ ಇನ್ನೂ ತಮಾಷೆ. 1976ರಲ್ಲಿ ಜೈರ್ ದೇಶದ, ಅಂದರೆ ಈಗಿನ ಕಾಂಗೋದ, ಯಾಂಬುಕು ಎಂಬ ಹಳ್ಳಿಯಲ್ಲಿ ಜನ ಸಾಯತೊಡಗಿದರು. ರಕ್ತದ ಸ್ಯಾಂಪಲ್ಲನ್ನು ಒಂದು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಪ್ರಯಾಣಿಕರ ವಿಮಾನದಲ್ಲಿ, ಕೈಚೀಲದಲ್ಲಿ ಬೆಲ್ಜಿಯಂಗೆ ಕಳಿಸಿದರು. ಆಂಟ್‌ವರ್ಪ್‌ನ ಲ್ಯಾಬ್‌ನಲ್ಲಿ ಮುಚ್ಚಳ ತೆಗೆದರೆ ಒಂದು ಬಾಟಲಿ ಒಡೆದು ರಕ್ತ ಐಸ್‌ನೀರಿನಲ್ಲಿ ಬೆರೆತಿತ್ತು. ನಾವು ಕಾಫಿ ಒಯ್ಯುವ ಫ್ಲಾಸ್ಕ್ ಮಾರಾಯ್ತಿ! ಅಲ್ಲಿ ಯಾರಿಗೂ ಏನೂ ಆಗಲಿಲ್ಲ.

ಯಾಂಬುಕುವಿನಲ್ಲಿ ಹಾಗಲ್ಲ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ದಿನಕ್ಕೆ ಐದು ಸಿರಿಂಜ್ ತೆಗೆದಿಡುತ್ತಿದ್ದರಂತೆ. ಒಬ್ಬರಿಗೆ ಚುಚ್ಚಿ, ಬಿಸಿನೀರಲ್ಲಿ ಅಲುಬಿ, ಇನ್ನೊಬ್ಬರಿಗೆ. ರೋಗ ಹಬ್ಬಿದ್ದು ಮುಖ್ಯವಾಗಿ ಆ ಸೂಜಿಯಿಂದ. 318 ಜನಕ್ಕೆ ಬಂದು 280 ಜನ ಸತ್ತರು. ನೀನು ಪ್ಯಾಕೆಟ್ ಹರಿದು ಹೊಸ ಸಿರಿಂಜ್ ತೆಗೆಯುವವಳು, ನಿನಗೆ ಇದು ಎಲ್ಲೋ ಕಾಡಿನ ಕಥೆ ಅನ್ನಿಸಬಹುದು. ನಾನು ಟ್ರೈನಿಂಗ್ ಮಾಡುವಾಗ ಇದ್ದದ್ದು ಗಾಜಿನ ಸಿರಿಂಜ್. ಸ್ಟೆರಿಲೈಜರ್‌ನಲ್ಲಿ ಕುದಿಸುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಹೊರಗೆ ಕ್ಯೂ ಉದ್ದವಾದ ದಿನ ಕುದಿಸುವ ಹೊತ್ತು ಗಿಡ್ಡವಾಗುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳಲಾರೆ.

ಈಗ ಭಯ ಪಡಬೇಕಾದ ಜಾಗ ಹೇಳುತ್ತೇನೆ, ಕೇಳು. ಅದು ಗ್ಲೌಸ್ ಬಿಚ್ಚುವ ಹೊತ್ತು. ಹಾಕಿಕೊಳ್ಳುವಾಗ ಎಲ್ಲರೂ ಹುಷಾರು. ಡ್ಯೂಟಿ ಮುಗಿದು, ಬೆವರಿ, ಮೂಗು ತುರಿಸುತ್ತಿರುವಾಗ ಬಿಚ್ಚುತ್ತೀವಲ್ಲ, ಆಗ ತಪ್ಪುವುದು. 2014ರಲ್ಲಿ ಸ್ಪೇನ್‌ನಲ್ಲಿ ಎಬೋಲಾ ತಗುಲಿದ ಶುಶ್ರೂಷಾ ಸಹಾಯಕಿ, ಸೂಟ್ ಬಿಚ್ಚುವಾಗ ಗ್ಲೌಸ್ ಮುಖಕ್ಕೆ ತಾಗಿರಬಹುದು ಎಂದು ತಾನೇ ನೆನಪು ಮಾಡಿಕೊಂಡಿದ್ದರು. ಡಲ್ಲಾಸ್‌ನ ನರ್ಸ್‌ಗಳಿಗೆ ಮೊದಲ ದಿನಗಳಲ್ಲಿ ಕುತ್ತಿಗೆ ಮುಚ್ಚುವ ಉಡುಪೇ ಸರಿಯಾಗಿ ಇರಲಿಲ್ಲ. ಅವರಿಗೆ ರೋಗ ಬಂದ ಮೇಲೆ ಅಮೆರಿಕ ನಿಯಮ ಬದಲಿಸಿತು. ಒಂದಿಷ್ಟೂ ಚರ್ಮ ಕಾಣಬಾರದು, ಬಿಚ್ಚುವಾಗ ತರಬೇತಿ ಪಡೆದ ಇನ್ನೊಬ್ಬರು ಎದುರು ನಿಂತು ನೋಡಬೇಕು ಎಂದು. ಆಫ್ರಿಕಾದಲ್ಲಿ ಆ ಸಲ 800ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಗೆ ರೋಗ ಬಂತು, 500ಕ್ಕೂ ಹೆಚ್ಚು ಜನ ಸತ್ತರು. ಅವರಿಗೆ ನಿಯಮ ಬದಲಿಸಲು ಗ್ಲೌಸೇ ಸಾಲುತ್ತಿರಲಿಲ್ಲ.

ನಾನು ಜೂನಿಯರ್‌ಗಳಿಗೆ ಒಂದು ಪರೀಕ್ಷೆ ಇಡುತ್ತಿದ್ದೆ. ಗ್ಲೌಸ್ ಹಾಕಿಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರುತ್ತಿದ್ದೆ. ಈಗ ಬಿಚ್ಚಿ ಎನ್ನುತ್ತಿದ್ದೆ. ಮೊದಲ ಸಲಕ್ಕೆ ಯಾರೂ ಪಾಸಾಗುತ್ತಿರಲಿಲ್ಲ. ಒಬ್ಬಳ ಮಣಿಕಟ್ಟು ಕೆಂಪು, ಒಬ್ಬಳ ಮೊಣಕೈ ಕೆಂಪು. ಒಬ್ಬಳಿಗಂತೂ ಮೂಗಿನ ತುದಿಯಲ್ಲಿ ಕುಂಕುಮ, ಹಬ್ಬದ ಗೌರಮ್ಮನ ಹಾಗೆ. ನಗುತ್ತಿದ್ದೆವು. ನಕ್ಕಾದ ಮೇಲೆ "ಇದು ಕುಂಕುಮ ಆಗಿರದಿದ್ದರೆ?" ಎಂದು ಕೇಳುತ್ತಿದ್ದೆ. ನೀನೂ ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ಮಾಡಿ ನೋಡು. ಹತ್ತು ಸಲ ಬಿಳೀ ಕೈ ಬರುವವರೆಗೆ ಬಿಡಬೇಡ.

ಅಮ್ಮನಿಗೆ ಇಷ್ಟು ಹೇಳು. ಜೈರ್ ತಳಿಯ ಎಬೋಲಾಗೆ 2019ರಿಂದ ಒಪ್ಪಿಗೆ ಪಡೆದ ಲಸಿಕೆ ಇದೆ, 2020ರಿಂದ ಎರಡು ಔಷಧಿಗಳೂ ಇವೆ. ಎಲ್ಲ ತಳಿಗೂ ಆಗುವುದಿಲ್ಲ, ಅದನ್ನೂ ಹೇಳು, ಮುಚ್ಚಿಡಬೇಡ. ಜರ್ಮನಿಯಲ್ಲಿ ಇಂಥ ರೋಗಿಗಳಿಗಾಗಿ ಬೇರೆಯೇ ವಾರ್ಡ್‌ಗಳಿವೆ, ಅದಕ್ಕೆ ತರಬೇತಾದವರೇ ಇರುತ್ತಾರೆ. ಹೊಸದಾಗಿ ಹೋದ ಹುಡುಗಿಯನ್ನು ಯಾರೂ ಅಲ್ಲಿಗೆ ತಳ್ಳುವುದಿಲ್ಲ. ನಾನಂತೂ ಹೋಗು ಎನ್ನುತ್ತೇನೆ. ರೊಟ್ಟಿ ಮಾಡುವುದನ್ನು ಮಾತ್ರ ಕಲಿತುಕೊಂಡು ಹೋಗು, ಅಲ್ಲಿಯ ಬ್ರೆಡ್ಡು ಕಲ್ಲಿನ ಹಾಗಿರುತ್ತದಂತೆ.

ಪ್ರಶ್ನೆ: ನಮ್ಮ ತೋಟದ ಹುಣಸೆಮರದ ತುಂಬ ಬಾವಲಿ. ಎಬೋಲಾ ಬಾವಲಿಯಿಂದ ಬರುತ್ತದಂತೆ. ಮರ ಕಡಿಸಲೇ?
– ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಮರಕ್ಕೆ ಕೊಡಲಿ ಹಾಕಬೇಡಿ. ಎಬೋಲಾ ಹೊತ್ತಿರುವುದೆಂದು ಅನುಮಾನ ಇರುವುದು ಆಫ್ರಿಕಾದ ಬಾವಲಿಗಳ ಮೇಲೆ. ನಮ್ಮ ಕಡೆಯ ದೊಡ್ಡ ಬಾವಲಿಯಲ್ಲಿ ಇರಬಹುದಾದದ್ದು ನಿಪಾ ಎಂಬ ಬೇರೆ ವೈರಸ್. 2018ರಲ್ಲಿ ಕೋಳಿಕ್ಕೋಡಿನಲ್ಲಿ ಬಂದಿತ್ತು ನೋಡಿ, ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿ ಆಗ ತೀರಿಕೊಂಡರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಹೇಳಿ. ಅವುಗಳನ್ನು ಓಡಿಸಲು ಹೋದರೆ ಗಾಬರಿಯಲ್ಲಿ ಊರೆಲ್ಲ ಹರಡುತ್ತವೆ.

ರಕ್ತಸ್ರಾವದ ಜ್ವರ ಎಂದು ಆಫ್ರಿಕಾ ಕಡೆ ಬೆರಳು ತೋರಿಸುತ್ತೀವಲ್ಲ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ ಒಂದು ಇದೆ. 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾಯಿತು. ಮಂಗನ ಕಾಯಿಲೆ. ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದಕ್ಕೆ ಯಾವ ಟಿ.ವಿ.ಯವರೂ ಢಣಢಣ ಸಂಗೀತ ಹಾಕಿದ್ದು ನಾನು ಕೇಳಿಲ್ಲ.

ಪ್ರಶ್ನೆ: ಅಕ್ಕಾ, ನಾವು ಹಕ್ಕಿಪಿಕ್ಕಿ ಜನ. ಕೂದಲೆಣ್ಣೆ ಮಾರಲು ಕ್ಯಾಮರೂನ್‌ಗೆ ಹೋಗಿದ್ದೆ, ಬಂದು ಎರಡು ತಿಂಗಳಾಯ್ತು. ಟಿ.ವಿ. ಸುದ್ದಿ ಬಂದ ಮೇಲೆ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರ್ತಿಲ್ಲ. ಹೋಟೆಲಲ್ಲಿ ಪೇಪರ್ ಲೋಟದಲ್ಲೇ ಟೀ ಕೊಡ್ತಾರೆ. ನನ್ನಲ್ಲಿ ರೋಗ ಇರಬಹುದಾ?
– ಚನ್ನಗಿರಿ ತಾಲ್ಲೂಕು

ಉತ್ತರ: ಇಲ್ಲ ತಮ್ಮಾ. ಎಬೋಲಾ ತಗುಲಿದ ಮೇಲೆ ಲಕ್ಷಣ ಕಾಣಲು ಎರಡರಿಂದ 21 ದಿನ. ನೀನು ಬಂದು 60 ದಿನ. ಕಾಂಗೋದಲ್ಲೇ ಇದ್ದು ಬಂದಿದ್ದರೂ ಲೆಕ್ಕ ಮುಗಿದಿತ್ತು. ಆಫ್ರಿಕಾದಲ್ಲಿ 54 ದೇಶ ಇವೆ ಎಂದು ನಿಮ್ಮ ಹೋಟೆಲಿನವರಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಜನರ ಕೈಲಿ ಕೇಳಿದರೆ ಅವರಿಗಿಂತ ಚೆನ್ನಾಗಿ ಹೇಳುತ್ತೀರಿ. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಹತ್ತಿ ನಿಮ್ಮವರು ಸಿಕ್ಕಿಹಾಕಿಕೊಂಡಾಗ ತಾನೇ ಊರಿನವರಿಗೆ ನೀವು ಅಷ್ಟು ದೂರ ಹೋಗುತ್ತೀರಿ ಎಂದು ತಿಳಿದದ್ದು.

ಇದು ಬರೀ ನಮ್ಮೂರಿನ ರೋಗವೂ ಅಲ್ಲ. 2014ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ರೋಗಿಗಳ ಸೇವೆ ಮಾಡಿ ಬಂದ ಅಮೆರಿಕದ ನರ್ಸ್ ಒಬ್ಬರನ್ನು ನ್ಯೂಜೆರ್ಸಿಯಲ್ಲಿ ಒಂದು ಟೆಂಟಿನಲ್ಲಿ ಕೂಡಿಹಾಕಿದ್ದರು. ಪರೀಕ್ಷೆಯಲ್ಲಿ ರೋಗ ಇಲ್ಲ ಎಂದು ಬಂದ ಮೇಲೂ ತಕ್ಷಣ ಬಿಡಲಿಲ್ಲ. ಎಬೋಲಾ ಎಂಬ ಹೆಸರು ಕೂಡ ಒಂದು ನದಿಯದು. ಯಾಂಬುಕು ಎಂದಿಟ್ಟರೆ ಆ ಹಳ್ಳಿಯವರನ್ನು ಜಗತ್ತೆಲ್ಲ ದೂರ ಇಡುತ್ತದೆ ಎಂದು, ಆ ಕಡೆಯ ಒಂದು ನದಿಯ ಹೆಸರು ಇಟ್ಟರು. ನದಿಗಾದರೆ ಯಾರೂ ಪೇಪರ್ ಲೋಟದಲ್ಲಿ ಟೀ ಕೊಡುವುದಿಲ್ಲವಲ್ಲ.

ಒಂದು ಮಾತು ನಿನಗೂ ಹೇಳಬೇಕು. ಮುಂದಿನ ಸಲ ಹೋಗಿ ಬಂದ ಮೇಲೆ ಮೂರು ವಾರದೊಳಗೆ ಜ್ವರ ಬಂದರೆ, ಮುಚ್ಚಿಡಬೇಡ. ಬಸ್ಸು ಹತ್ತಬೇಡ, 108ಕ್ಕೆ ಫೋನ್ ಮಾಡಿ ಮೊದಲೇ ಹೇಳು. ಎಲ್ಲಿಂದ ಬಂದೆ ಎಂದು ಅವರು ಕೇಳದಿದ್ದರೂ ನೀನೇ ಹೇಳು, ಒಮ್ಮೆ ಅಲ್ಲ, ಬಂದವರಿಗೆಲ್ಲ ಹೇಳು. ಬಹುತೇಕ ಅದು ಮಲೇರಿಯಾ ಆಗಿರುತ್ತದೆ. ಅದೂ ಕೊಲ್ಲುತ್ತದೆ.

ಈ ಸಂಚಿಕೆ ತೆಗೆದುಕೊಂಡು ಹೋಗಿ ಹೋಟೆಲಿನವರ ಗಲ್ಲಾದ ಮೇಲೆ ಇಡು. ಮುಂದಿನ ತಿಂಗಳು ನಾನು ಚನ್ನಗಿರಿಗೆ ತಂಗಿಯ ಮನೆಗೆ ಬರುವವಳಿದ್ದೇನೆ. ಅದೇ ಹೋಟೆಲಿಗೆ ಹೋಗೋಣ, ಸ್ಟೀಲ್ ಲೋಟದಲ್ಲೇ ಟೀ ಕೇಳೋಣ. ಎಣ್ಣೆ ಮಾತ್ರ ತರಬೇಡ. ನನ್ನ ತಲೆಯಲ್ಲಿ ಉಳಿದಿರುವುದು ಲೆಕ್ಕದ ಕೂದಲು, ಅದರ ಮೇಲೆ ಪ್ರಯೋಗ ಬೇಡ.